ಎಣ್ಣೆ ಹಾಕುವ ಕೆಲಸಕ್ಕೆ ಸೇರಿದ ಎಂಜಿನಿಯರ್

ಜುಲೈ ಕೊನೆಯ ವಾರ. ಮಲ್ಪೆ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಜೂನ್ 1ರಿಂದ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗಸ್ಟ್ ಹುಟ್ಟುವ ಮೊದಲು ಬಲೆ ಹೊಲಿಯಬೇಕು, ಬಣ್ಣ ಬಳಿಯಬೇಕು, ಎಂಜಿನ್ ಆಯಿಲ್ ಬದಲಿಸಬೇಕು. ಮೆಕ್ಯಾನಿಕಲ್ ಓದುವ ಸೋದರಳಿಯ ರಜೆಯಲ್ಲಿ ಮನೆಯಲ್ಲೇ ಇರುವಾಗ ಬೇರೆ ಕೈಯಾಳು ಯಾಕೆ ಎಂದು ಮಾವ ನನ್ನನ್ನು ಎಂಜಿನ್ ರೂಮಿಗೆ ಇಳಿಸಿದರು.

ಬೈಕಿನ ಆಯಿಲ್ ಬದಲಿಸುವುದು ಸುಲಭ. ಅಡಿಯ ಬೋಲ್ಟ್ ಬಿಚ್ಚಿದರೆ ಹಳೆಯ ಎಣ್ಣೆ ತಟ್ಟೆಗೆ ಸುರಿಯುತ್ತದೆ. ಬೋಟಿನಲ್ಲಿ ಎಂಜಿನ್ ತಳಕ್ಕೇ ಕುಳಿತಿರುತ್ತದೆ. ಕೆಳಗಿನ ಬೋಲ್ಟಿಗೆ ಕೈ ಹೋಗದು, ಹೋದರೂ ತಟ್ಟೆ ಇಡಲು ಜಾಗವಿಲ್ಲ. ಹಾಗಾಗಿ ಮೊದಲು ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಬೇಕು. ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ, ತಳದಲ್ಲಿ ಕೂತ ಕೊಳೆಯೂ ಅದರ ಜೊತೆ ಎದ್ದು ಬರುತ್ತದೆ. ಆಮೇಲೆ ಎಂಜಿನ್ ನಿಲ್ಲಿಸಿ, ಡಿಪ್‌ಸ್ಟಿಕ್ ಕೊಳವೆಯೊಳಗೆ ಸಪೂರ ಪೈಪು ಇಳಿಸಿ, ಕೈಪಂಪಿನಲ್ಲಿ ಹೀರಿ ತೆಗೆಯಬೇಕು. ಒಂದು ಹನಿಯೂ ತಳಕ್ಕೆ ಬೀಳಬಾರದು. ಬಿದ್ದರೆ ತಳದ ನೀರಿನ ಜೊತೆ ಸೇರಿ, ನೀರು ಹೊರಹಾಕುವ ಪಂಪಿನಲ್ಲಿ ಸೀದಾ ಹೊಳೆಗೆ ಹೋಗುತ್ತದೆ. ಕ್ಯಾನಿಗೆ ಬೀಳುತ್ತಿದ್ದ ಕಪ್ಪು ಎಣ್ಣೆ ನೋಡುತ್ತಾ, ಪಂಪು ಒತ್ತುತ್ತಾ, ಬೇಜಾರು ಕಳೆಯಲು ಮಾವನಿಗೆ ನಾನು ಎಲೈಜಾ ಮೆಕಾಯ್ ಕತೆ ಹೇಳತೊಡಗಿದೆ. ಕಳೆದ ಸೆಮಿಸ್ಟರಿನಲ್ಲಿ ಬೇರಿಂಗ್ ಪಾಠಕ್ಕೆಂದು ಲೈಬ್ರರಿಯಲ್ಲಿ ಪುಸ್ತಕ ತಿರುವುವಾಗ ಸಿಕ್ಕಿದ ಹೆಸರು ಅದು.

ಮೆಕಾಯ್ ಹುಟ್ಟಿದ್ದು 1844ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದ ಕೋಲ್ಚೆಸ್ಟರ್‌ನಲ್ಲಿ. ಅಪ್ಪ ಜಾರ್ಜ್, ಅಮ್ಮ ಮಿಲ್ಡ್ರೆಡ್. ಇಬ್ಬರೂ ಅಮೆರಿಕದ ಕೆಂಟಕಿಯಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಬಂದವರು. ಗುಲಾಮರನ್ನು ಗುಟ್ಟಾಗಿ ಮನೆಯಿಂದ ಮನೆಗೆ ದಾಟಿಸುತ್ತಿದ್ದ ಜಾಲಕ್ಕೆ ಜನ ಭೂಗತ ರೈಲುಮಾರ್ಗ ಎನ್ನುತ್ತಿದ್ದರು. ಅಲ್ಲಿ ರೈಲೂ ಇರಲಿಲ್ಲ, ಹಳಿಯೂ ಇರಲಿಲ್ಲ. ಆದರೆ ಅಡಗುವ ಮನೆಗೆ ನಿಲ್ದಾಣ, ದಾರಿ ತೋರಿಸುವವರಿಗೆ ಕಂಡಕ್ಟರ್ ಎಂಬ ಹೆಸರುಗಳಿದ್ದವು. ಹಾಗೆ ಇಲ್ಲದ ರೈಲಿನಲ್ಲಿ ಬಂದವರ ಮಗ ಇಡೀ ಬದುಕನ್ನು ನಿಜವಾದ ರೈಲಿಗೆ ಕೊಟ್ಟ. ಬ್ರಿಟಿಷ್ ಸಾಮ್ರಾಜ್ಯದಲ್ಲಿ 1834ರಲ್ಲೇ ಗುಲಾಮಗಿರಿ ರದ್ದಾಗಿದ್ದರಿಂದ ಕೆನಡಾದಲ್ಲಿ ಅವರು ಸ್ವತಂತ್ರರು.

ಹನ್ನೆರಡು ಮಕ್ಕಳ ಸಂಸಾರ. ಎಲೈಜಾ ಸಣ್ಣವನಿದ್ದಾಗಲೇ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಿದ್ದನಂತೆ. ಅಪ್ಪ ಅಮ್ಮ ಅದನ್ನು ಹಾಳು ಚಟ ಎಂದು ಬೈಯದೆ, ಹದಿನೈದನೇ ವಯಸ್ಸಿಗೆ ಹಡಗು ಹತ್ತಿಸಿ ಸ್ಕಾಟ್ಲೆಂಡಿನ ಎಡಿನ್‌ಬರೊಗೆ ಕಳಿಸಿದರು. ಗುಲಾಮಗಿರಿಯಿಂದ ಓಡಿಬಂದವರು ಆ ಖರ್ಚನ್ನು ಹೇಗೆ ಹೊಂದಿಸಿದರೋ! ನನ್ನ ಹಾಸ್ಟೆಲ್ ಫೀಸು ಕಟ್ಟುವಾಗ ಅಮ್ಮನ ಮುಖ ನೋಡಿದವನಿಗೆ ಈ ಭಾಗ ಬೇಗ ದಾಟಲು ಆಗಲಿಲ್ಲ. ಅಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತು, ಮೆಕ್ಯಾನಿಕಲ್ ಎಂಜಿನಿಯರ್ ಎಂಬ ಅರ್ಹತೆ ಪಡೆದು ಆತ ಹಿಂದಿರುಗಿದ. ಅಷ್ಟರಲ್ಲಿ ಮನೆಯವರು ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲ್ಯಾಂಟಿ ಊರಿಗೆ ಬಂದು ನೆಲೆಸಿದ್ದರು. ಅಂತರ್ಯುದ್ಧ ಮುಗಿದಿತ್ತು, ಗುಲಾಮಗಿರಿ ಕಾನೂನಿನಿಂದ ಅಳಿಸಿತ್ತು. ಎಲ್ಲೆಡೆ ಹಳಿ ಹಾಸುವ ಕಾಲ. ಎಂಜಿನಿಯರ್‌ಗಳು ಬೇಕಾಗಿದ್ದರು.

ಕಪ್ಪು ಎಂಜಿನಿಯರ್ ಮಾತ್ರ ಯಾರಿಗೂ ಬೇಕಿರಲಿಲ್ಲ. ಮಿಶಿಗನ್ ಸೆಂಟ್ರಲ್ ರೈಲ್ವೆಯಲ್ಲಿ ಕೊನೆಗೆ ಸಿಕ್ಕಿದ್ದು ಫೈರ್‌ಮನ್ ಕೆಲಸ, ಎಂದರೆ ಉಗಿಬಂಡಿಯ ಒಲೆಗೆ ಸಲಿಕೆಯಲ್ಲಿ ಕಲ್ಲಿದ್ದಲು ತುಂಬುವುದು. ಜೊತೆಗೆ ಬಂಡಿ ನಿಂತಾಗಲೆಲ್ಲ ಕೆಳಗಿಳಿದು, ಉದ್ದ ಮೂತಿಯ ಡಬ್ಬಿ ಹಿಡಿದು ಕೀಲುಕೀಲಿಗೂ ಎಣ್ಣೆ ಬಿಡುವುದು.

ಕಳೆದ ವರ್ಷ ನಮ್ಮ ಸೀನಿಯರ್ ಒಬ್ಬರು ಬಿಇ ಮುಗಿಸಿ, ಹತ್ತಾರು ಕಡೆ ಅಲೆದು, ಒಂದು ಕಾರ್ಖಾನೆಯಲ್ಲಿ ಐಟಿಐ ಹುಡುಗರ ಸಾಲಿನಲ್ಲಿ ಟ್ರೈನಿಯಾಗಿ ಸೇರಿದರು. ಮನೆಯಲ್ಲಿ ಎಂಜಿನಿಯರ್ ಅಂತಲೇ ಹೇಳಿದ್ದಾರೆ. ಅವರ ಕಷ್ಟವನ್ನೂ ಮೆಕಾಯ್ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಒಬ್ಬರಿಗೆ ಕೆಲಸವೇ ಇರಲಿಲ್ಲ, ಇನ್ನೊಬ್ಬನಿಗೆ ಕೆಲಸ ಇದ್ದೂ ಚರ್ಮದ ಬಣ್ಣ ನೋಡಿ ಬಾಗಿಲು ಹಾಕಿದರು. ಹುಟ್ಟು ನೋಡಿ ಬಾಗಿಲು ಹಾಕುವುದು ನಮ್ಮ ಊರುಗಳಿಗೂ ಹೊಸದಲ್ಲ ಬಿಡಿ.

ಈಗ ಆ ಎಣ್ಣೆ ಡಬ್ಬಿಯ ವಿಷಯ. ಮಾವನ ಡೀಸೆಲ್ ಎಂಜಿನ್‌ನಲ್ಲಿ ಒಳಗೇ ಒಂದು ಪಂಪು ಇದೆ. ಎಂಜಿನ್ ತಿರುಗಿದಷ್ಟು ಹೊತ್ತೂ ಅದು ತಳದ ಎಣ್ಣೆಯನ್ನು ಮೇಲೆತ್ತಿ, ಫಿಲ್ಟರಿನಲ್ಲಿ ಸೋಸಿ, ಬೇರಿಂಗುಗಳಿಗೆ ತಲುಪಿಸುತ್ತದೆ. ಅಂದಿನ ಉಗಿಬಂಡಿಗೆ ಈ ಸುಖವಿರಲಿಲ್ಲ. ಸಿಲಿಂಡರ್ ಒಳಗೆ ಬಿಸಿ ಉಗಿ ನುಗ್ಗಿ ಎಣ್ಣೆಯನ್ನು ತೊಳೆದುಕೊಂಡು ಹೋಗುತ್ತದೆ. ಎಣ್ಣೆ ಆರಿದರೆ ಪಿಸ್ಟನ್ ಮತ್ತು ಕವಾಟ ಉಜ್ಜಿ ಗೀರು ಬೀಳುತ್ತವೆ, ಕಲ್ಲಿದ್ದಲು ಹೆಚ್ಚು ತಿನ್ನುತ್ತವೆ, ಕೊನೆಗೆ ಕಚ್ಚಿಕೊಳ್ಳುತ್ತವೆ. ಹಾಗಾಗಿ ಕೆಲವು ಮೈಲಿಗೊಮ್ಮೆ ಇಡೀ ರೈಲು ನಿಲ್ಲಬೇಕು. ನೂರಾರು ಪ್ರಯಾಣಿಕರು ಒಬ್ಬನ ಎಣ್ಣೆ ಡಬ್ಬಿಗಾಗಿ ಕಾಯಬೇಕು.

ಆ ಒಬ್ಬ ಎಡಿನ್‌ಬರೊದಲ್ಲಿ ಕಲಿತ ಎಂಜಿನಿಯರ್ ಆಗಿದ್ದ. ಉಳಿದವರಿಗೆ ಅದು ದಿನಚರಿ, ಆತನಿಗೆ ಅದು ಬಿಡಿಸಬೇಕಾದ ಲೆಕ್ಕ. ಇಪ್ಸಿಲ್ಯಾಂಟಿಯಲ್ಲಿ ಆತ ಕಂಡುಕೊಂಡ ಉಪಾಯ ಸರಳವಾಗಿತ್ತು. ಸಿಲಿಂಡರ್ ಮೇಲೆ ಎಣ್ಣೆ ತುಂಬಿದ ಒಂದು ಬಟ್ಟಲು, ಅದರ ನಡುವೆ ಒಂದು ಸರಳು, ಸರಳಿನ ಒಂದು ತುದಿಗೆ ಕವಾಟ, ಇನ್ನೊಂದು ತುದಿಗೆ ಪುಟ್ಟ ಪಿಸ್ಟನ್. ಎಂಜಿನ್ ಓಡುವಾಗ ಉಗಿಯ ಒತ್ತಡವೇ ಆ ಪಿಸ್ಟನ್ನನ್ನು ತಳ್ಳುತ್ತದೆ, ಕವಾಟ ತೆರೆಯುತ್ತದೆ, ಎಣ್ಣೆ ತಾನಾಗಿ ಇಳಿಯುತ್ತದೆ. ಎಣ್ಣೆಯನ್ನು ತೊಳೆದು ಹಾಕುತ್ತಿದ್ದ ಉಗಿಯಿಂದಲೇ ಎಣ್ಣೆ ಹಾಕಿಸಿದ! 1872ರ ಜುಲೈನಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 1,29,843.

ಇಲ್ಲೊಂದು ಮಾತು ಹೇಳಲೇಬೇಕು. ತಾನಾಗಿ ಎಣ್ಣೆ ಹಾಕುವ ಸಾಧನವನ್ನು ಮೊದಲು ಮಾಡಿದ್ದೇ ಮೆಕಾಯ್ ಎಂದು ಹಲವೆಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್ 1860ರಲ್ಲೇ ಒಂದು ಬಗೆಯದನ್ನು ಮಾಡಿದ್ದ. ಅದರಲ್ಲಿ ಉಗಿ ತಣಿದು ನೀರಾಗಿ ಬಟ್ಟಲ ತಳಕ್ಕೆ ಇಳಿಯುತ್ತದೆ, ನೀರಿಗಿಂತ ಹಗುರವಾದ ಎಣ್ಣೆ ಮೇಲೆದ್ದು ಹೊರಚೆಲ್ಲುತ್ತದೆ. ಮೆಕಾಯ್ ದೊಡ್ಡಸ್ತಿಕೆ ಮೊದಲಿಗನಾಗಿದ್ದರಲ್ಲಿ ಇಲ್ಲ, ಬಿಡದೆ ಸುಧಾರಿಸಿದ್ದರಲ್ಲಿ ಇದೆ. ಆತನ ಹೆಸರಿನಲ್ಲಿರುವ ಪೇಟೆಂಟುಗಳು 57, ಹೆಚ್ಚಿನವು ಕೀಲೆಣ್ಣೆಗೆ ಸಂಬಂಧಿಸಿದವೇ. ನಡುವೆ ಮಡಿಸಿಡುವ ಇಸ್ತ್ರಿ ಮೇಜು, ಹುಲ್ಲುಹಾಸಿಗೆ ನೀರು ಚಿಮುಕಿಸುವ ಸಾಧನವೂ ಇವೆ. ರೈಲಿನಲ್ಲಷ್ಟೇ ಅಲ್ಲ, ಅಮೆರಿಕದ ಮಹಾಸರೋವರಗಳ ಉಗಿಹಡಗುಗಳಲ್ಲೂ ಆತನ ಲೂಬ್ರಿಕೇಟರ್ ಕೂತಿತು. ಮುಂದೆ ಹೆಚ್ಚು ಕಾಯಿಸಿದ ಉಗಿಯ ಎಂಜಿನ್‌ಗಳು ಬಂದಾಗ ಬರೀ ಎಣ್ಣೆ ಸಾಲದಾಯಿತು. ಎಣ್ಣೆಗೆ ಗ್ರ್ಯಾಫೈಟ್ ಪುಡಿ ಬೆರೆಸಿದರೆ ಅದು ಕೊಳವೆಯಲ್ಲಿ ಕಟ್ಟಿಕೊಳ್ಳುತ್ತಿತ್ತು. ಅದಕ್ಕೂ ಒಂದು ಲೂಬ್ರಿಕೇಟರ್ ಮಾಡಿ 1915ರಲ್ಲಿ ಪೇಟೆಂಟ್ ಪಡೆದ. ಆಗ ಆತನಿಗೆ ಎಪ್ಪತ್ತು ದಾಟಿತ್ತು.

ಅಸಲಿ ಮಾಲಿಗೆ ಇಂಗ್ಲಿಷಿನಲ್ಲಿ ರಿಯಲ್ ಮೆಕಾಯ್ ಎನ್ನುತ್ತಾರಲ್ಲ, ಅದು ನಕಲಿ ಲೂಬ್ರಿಕೇಟರ್ ಬೇಡ, ಮೆಕಾಯ್‌ನದೇ ಕೊಡಿ ಎಂದು ರೈಲ್ವೆಯವರು ಕೇಳುತ್ತಿದ್ದುದರಿಂದ ಬಂತೆಂಬ ಕತೆ ಜನಪ್ರಿಯ. ಆದರೆ ರಿಯಲ್ ಮೆಕೇ ಎಂಬ ಮಾತು ಸ್ಕಾಟ್ಲೆಂಡಿನಲ್ಲಿ 1856ರಷ್ಟು ಹಿಂದೆಯೇ ಅಚ್ಚಾಗಿದೆ. ಆಗ ಎಲೈಜಾಗೆ ಹನ್ನೆರಡು ವರ್ಷ. ಕತೆ ಚೆನ್ನಾಗಿದೆ, ಲೆಕ್ಕ ಕೂಡುವುದಿಲ್ಲ.

ದುಡ್ಡಿನ ಲೆಕ್ಕವೂ ಅಷ್ಟೇ. ಕಾರ್ಖಾನೆ ಹಾಕಲು ಬಂಡವಾಳವಿಲ್ಲದ ಮೆಕಾಯ್ ಅನೇಕ ಪೇಟೆಂಟುಗಳ ಹಕ್ಕನ್ನು ಹಣ ಹೂಡುವವರಿಗೆ ಬರೆದುಕೊಡಬೇಕಾಯಿತು. ಹಾಗಾಗಿ ಆತನ ಎಷ್ಟೋ ಸಾಧನಗಳ ಮೇಲೆ ಆತನ ಹೆಸರೇ ಇರುತ್ತಿರಲಿಲ್ಲ. ಸಿಕ್ಕ ಕೆಲಸವನ್ನೇ ಶ್ರದ್ಧೆಯಿಂದ ಮಾಡಿ, ಎಲ್ಲ ಒಳ್ಳೆಯದಾಗುತ್ತದೆ ಎಂದು ನಮಗೆ ಉಪದೇಶ ಮಾಡುವವರು ಈ ಬದುಕನ್ನು ಉದಾಹರಣೆ ಕೊಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಎಂಜಿನಿಯರ್ ಕೈಗೆ ಸಲಿಕೆ ಕೊಟ್ಟದ್ದು ಅನ್ಯಾಯವೇ. ಸಲಿಕೆ ಹಿಡಿದ ಆ ವರ್ಷಗಳಲ್ಲಿ ಆತ ಇನ್ನೇನೇನು ಮಾಡಬಹುದಿತ್ತು ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಮೊದಲ ಹೆಂಡತಿ ಆನ್ ಮದುವೆಯಾದ ನಾಲ್ಕೇ ವರ್ಷಕ್ಕೆ ತೀರಿಕೊಂಡಳು. 1873ರಲ್ಲಿ ಮೇರಿ ಡೆಲೇನಿಯನ್ನು ಮದುವೆಯಾಗಿ, ಮುಂದೆ ಇಬ್ಬರೂ ಡೆಟ್ರಾಯಿಟ್ ಸೇರಿದರು. ಕಪ್ಪು ಜನಾಂಗದ ಅನಾಥ ವೃದ್ಧೆಯರಿಗಾಗಿ ಅಲ್ಲಿ ಆಶ್ರಯಧಾಮ ಕಟ್ಟಿದವರಲ್ಲಿ ಮೇರಿಯೂ ಒಬ್ಬಳು. 1920ರಲ್ಲಿ ಕೊನೆಗೂ ಎಲೈಜಾ ಮೆಕಾಯ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಶುರುವಾಯಿತು. ಎರಡೇ ವರ್ಷದಲ್ಲಿ ಕಾರು ಅಪಘಾತ. ಆ ಪೆಟ್ಟಿನಿಂದ ಮೇರಿ ಉಳಿಯಲಿಲ್ಲ, ಆತ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಡೆಟ್ರಾಯಿಟ್ ಹೊರಗಿನ ಎಲೊಯಿಸ್ ಎಂಬಲ್ಲಿ, ದಿಕ್ಕಿಲ್ಲದವರನ್ನು ಇರಿಸುತ್ತಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ 1929ರ ಅಕ್ಟೋಬರ್ 10ರಂದು ತೀರಿಕೊಂಡ. 2012ರಲ್ಲಿ ಅಮೆರಿಕದ ಪೇಟೆಂಟ್ ಇಲಾಖೆ ರಾಜಧಾನಿಯ ಆಚೆ ತನ್ನ ಮೊದಲ ಪ್ರಾದೇಶಿಕ ಕಚೇರಿಯನ್ನು ಡೆಟ್ರಾಯಿಟ್‌ನಲ್ಲಿ ತೆರೆದಾಗ ಅದಕ್ಕೆ ಇಟ್ಟದ್ದು ಮೆಕಾಯ್ ಹೆಸರನ್ನೇ.

ಕತೆ ಮುಗಿಯುವಷ್ಟರಲ್ಲಿ ಪಂಪು ಗಾಳಿ ಎಳೆಯತೊಡಗಿತ್ತು. ಹಳೆಯ ಫಿಲ್ಟರ್ ಬಿಚ್ಚಿದೆ. ಹೊಸದರ ರಬ್ಬರ್ ಉಂಗುರಕ್ಕೆ ಬೆರಳಲ್ಲಿ ಎಣ್ಣೆ ಸವರಿ ಕೈಯಲ್ಲೇ ಬಿಗಿ ಮಾಡಿದೆ. ಮಾವ ಹೊಸ ಎಣ್ಣೆ ಸುರಿಯುತ್ತಾ, ಸ್ವಂತ ಕಂಪನಿ ಮಾಡುವಾಗ ಅವನಿಗೆ ಎಷ್ಟು ಪ್ರಾಯ ಎಂದು ಕೇಳಿದರು. ಎಪ್ಪತ್ತಾರು ಎಂದೆ. ಅವರು ಏನೂ ಹೇಳಲಿಲ್ಲ. ಡಿಪ್‌ಸ್ಟಿಕ್ ಒರೆಸಿ, ಅದ್ದಿ, ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಆಮೇಲೆ ಎಂಜಿನ್ ಚಾಲು ಮಾಡಿ, ಆಯಿಲ್ ಪ್ರೆಶರ್ ಮುಳ್ಳು ಏರುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.