ಕಲ್ಲಿನ ಊರು ಬರೆದಿಟ್ಟ ಬ್ರೂಸ್ ಫೂಟ್

ಅಂದೋಲಾದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿಯಿದೆ. ಶಾಲಾ ಮಾಸ್ತರರಾಗಿದ್ದ ನಮ್ಮ ಕಾಕಾ ಅವರು ರಜೆಯ ದಿನಗಳಲ್ಲಿ ಎರೆಹೊಲಗಳನ್ನೂ ಹಳ್ಳದ ದಂಡೆಗಳನ್ನೂ ಅಲೆದು ಆಯ್ದು ತಂದ ಸಣ್ಣ ಸಣ್ಣ ಕಲ್ಲಿನ ಚೂರುಗಳು ಅದರಲ್ಲಿವೆ. ಹೆಚ್ಚಿನವು ಬೆಣಚುಕಲ್ಲಿನವು, ಕಾಕಾ ಅವನ್ನು ಬಾಣದ ಮೊನೆಗಳೆನ್ನುತ್ತಿದ್ದರು. ಕೆಲವು ನಮ್ಮೂರವು, ಕೆಲವು ಸುರಪುರದ ಕಡೆಯವು, ಕೆಲವು ಲಿಂಗಸೂಗೂರಿನವು. ಒಂದೊಂದನ್ನೂ ಊರಿನ ಹೆಸರು ಬರೆದ ಚೀಟಿಯಲ್ಲಿ ಸುತ್ತಿಟ್ಟಿದ್ದರು. ಹತ್ತು ವರ್ಷದ ಹುಡುಗನಾಗಿದ್ದ ನಾನು ಒಂದು ಮಧ್ಯಾಹ್ನ ಅವನ್ನೆಲ್ಲ ಬಿಚ್ಚಿ ಅಂಗಳದಲ್ಲಿ ಸುರುವಿಕೊಂಡು ಆಡಿದೆ. ಸಂಜೆಯ ಹೊತ್ತಿಗೆ ಕಲ್ಲುಗಳದೊಂದು ರಾಶಿ, ಚೀಟಿಗಳದೊಂದು ರಾಶಿ. ಕಾಕಾ ಬೈಯಲಿಲ್ಲ. ಆದರೆ ಅಂದಿನಿಂದ ಅವರು ಮತ್ತೊಂದು ಕಲ್ಲನ್ನು ಆಯಲೂ ಇಲ್ಲ.

ನಾನು ಮಾಡಿದ್ದು ಎಂಥ ಕೆಲಸವೆಂಬುದು ಮನಸ್ಸಿಗೆ ನಾಟಿದ್ದು ಎಷ್ಟೋ ವರ್ಷಗಳ ತರುವಾಯ, ರಾಬರ್ಟ್ ಬ್ರೂಸ್ ಫೂಟ್ ಅವರ ಜೀವನವೃತ್ತಾಂತವನ್ನು ಓದಿದಾಗ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸಿಗೆ ಬಂದಾಗ ಅವರಿಗೆ ಇಪ್ಪತ್ತನಾಲ್ಕರ ಹರೆಯ. ಆ ಕಾಲಕ್ಕೆ ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ದೊರೆತಿದ್ದ ಕಲ್ಲಿನ ಆಯುಧಗಳು ಅತಿ ಪ್ರಾಚೀನ ಮಾನವನ ಕೈಕೆಲಸವೇ ಹೌದೆಂದು ಯೂರೋಪಿನ ಪಂಡಿತರು ಆಗತಾನೆ ಒಪ್ಪಿದ್ದರು. ಆ ಸುದ್ದಿ ತರುಣ ಫೂಟ್ ಅವರ ಮನಸ್ಸಿನಲ್ಲಿ ಬೇರೂರಿತು. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ, ಜಲ್ಲಿಗಾಗಿ ಅಗೆದಿದ್ದ ಗುಂಡಿಯೊಂದರಲ್ಲಿ, ಮನುಷ್ಯನ ಕೈ ತಾಗಿದ ಒಂದು ಕಲ್ಲು ಅವರ ಕಣ್ಣಿಗೆ ಬಿತ್ತು. ಭಾರತದಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದ ಮೊದಲ ದಿನವದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬ ಇನ್ನೂ ಸಮೃದ್ಧವಾದ ನೆಲೆಯನ್ನು ಕಂಡರು.

ಕಲ್ಲನ್ನು ಕಂಡವರು ಫೂಟ್ ಒಬ್ಬರೇ ಅಲ್ಲ. ನಮ್ಮ ಭಾಗದ ಲಿಂಗಸೂಗೂರಿನಲ್ಲಿಯೇ 1842ರಲ್ಲಿ ಡಾಕ್ಟರ್ ಪ್ರಿಮ್‌ರೋಸ್ ಎಂಬವರು ಕಲ್ಲಿನ ಚೂರಿಗಳನ್ನೂ ಬಾಣದ ಮೊನೆಗಳನ್ನೂ ಆಯ್ದಿದ್ದರು. ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಪ್ರಾಚೀನ ಗೋರಿಗಳನ್ನು ಅಗೆಸಿದ್ದರು. ಫೂಟ್ ಅವರ ಹೆಚ್ಚಳವಿರುವುದು ಬೇರೆಡೆ. ಅವರು ವೃತ್ತಿಯಿಂದ ಭೂವಿಜ್ಞಾನಿ. ಕೈಗೆ ಬಂದ ಕಲ್ಲು ಯಾವ ಜಾತಿಯದು, ಅದು ಹುಟ್ಟುವ ನೆಲ ಯಾವುದು, ಸಿಕ್ಕ ನೆಲ ಯಾವುದು ಎಂಬ ಪ್ರಶ್ನೆ ಅವರಲ್ಲಿ ತಾನಾಗಿಯೇ ಏಳುತ್ತಿತ್ತು. ಬಳ್ಳಾರಿಯ ಸಮೀಪದ ಕುಪ್ಪಗಲ್ಲಿನಲ್ಲಿ ನವಶಿಲಾಯುಗದ ಜನ ಬೆಟ್ಟವನ್ನು ಸೀಳಿ ಹಾದ ಕರಿಕಲ್ಲಿನ ಪಟ್ಟಿಯಿಂದ ಕೊಡಲಿಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯನ್ನೇ ಅವರು ಪತ್ತೆಹಚ್ಚಿದರು.

ಕನ್ನಡ ನಾಡಿಗೆ ಅವರು ಸಲ್ಲಿಸಿದ ಸೇವೆ ಇಷ್ಟಕ್ಕೇ ಮುಗಿಯುವುದಿಲ್ಲ. ಧಾರವಾಡ ಶಿಲಾಸಮುದಾಯಕ್ಕೆ ಆ ಹೆಸರನ್ನಿಟ್ಟವರು ಅವರೇ. ಗೋಕಾಕದ ಸಮೀಪ ಖಡ್ಗಮೃಗದ ಪಳೆಯುಳಿಕೆಯನ್ನು ಕಂಡು 1874ರಲ್ಲಿ ವರ್ಣಿಸಿದರು. ನಮ್ಮ ಕಡೆಯ ಸುಣ್ಣಕಲ್ಲಿನ ಸ್ತರಗಳಿಗೆ ಭೀಮಾ ಶ್ರೇಣಿಯೆಂದು ಕಿಂಗ್ 1872ರಲ್ಲಿ ನಾಮಕರಣ ಮಾಡಿದ್ದರು; ಅವನ್ನು ಫೂಟ್ ತಮ್ಮ 1876ರ ಗ್ರಂಥದಲ್ಲಿ ವಿವರಿಸಿದರು. ಆ ಶ್ರೇಣಿಯ ಒಂದು ಉಪವಿಭಾಗಕ್ಕೆ ಮುಂದೆ ಭೂವಿಜ್ಞಾನಿಗಳು ಅಂದೋಲಾದ ಹೆಸರನ್ನೇ ಇಟ್ಟಿದ್ದಾರೆ. ನಮ್ಮೂರ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ. 1891ರಲ್ಲಿ ನಿವೃತ್ತರಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನದಲ್ಲಿ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು.

ಇಷ್ಟೆಲ್ಲ ತಿರುಗಾಟದಲ್ಲಿ ಕೂಡಿಟ್ಟ ಅಪಾರ ಸಂಗ್ರಹ 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ವೃದ್ಧಾಪ್ಯದಲ್ಲಿ ಅದಕ್ಕೊಂದು ಪಟ್ಟಿ ಸಿದ್ಧಪಡಿಸಲು ಕುಳಿತರು. 400ಕ್ಕೂ ಹೆಚ್ಚು ನೆಲೆಗಳ ಕಲ್ಲುಗಳು. ಒಂದೊಂದಕ್ಕೂ ಸಂಖ್ಯೆ, ಸಿಕ್ಕ ಸ್ಥಳ, ಶಿಲೆಯ ಜಾತಿ. ಆ ಪಟ್ಟಿ 1914ರಲ್ಲಿ ಅಚ್ಚಾಯಿತು, ಟಿಪ್ಪಣಿಗಳ ಸಂಪುಟ 1916ರಲ್ಲಿ. ಆದರೆ ಫೂಟ್ 1912ರ ಡಿಸೆಂಬರ್ 29ರಂದೇ ಕಲಕತ್ತೆಯಲ್ಲಿ ಕಣ್ಣುಮುಚ್ಚಿದ್ದರು.

ಅವರ ತೀರ್ಮಾನಗಳೆಲ್ಲ ನಿಂತಿಲ್ಲ. ಚಿಕ್ಕ ಚಿಕ್ಕ ಅಲಗುಗಳನ್ನು ಅವರು ನವಶಿಲಾಯುಗದ ಲೆಕ್ಕಕ್ಕೆ ಸೇರಿಸಿದ್ದರು. ನಡುವೆ ಮಧ್ಯಶಿಲಾಯುಗವೊಂದಿತ್ತೆಂಬುದು ಆಮೇಲೆ ಸ್ಪಷ್ಟವಾಯಿತು. ಹಳೆ ಶಿಲಾಯುಗದವರನ್ನು ಅವರು ಕ್ವಾರ್ಟ್‌ಜೈಟ್ ಶಿಲೆಯೊಡನೆ ಬಲವಾಗಿ ಗಂಟುಹಾಕಿದ್ದರು. ನಮ್ಮ ನೆರೆಯ ಹುಣಸಗಿ ಕಣಿವೆಯಲ್ಲಿ ಕೆ. ಪದ್ದಯ್ಯ ಅವರು ದಶಕಗಳ ಕಾಲ ಶೋಧಿಸಿ, ಅದೇ ಜನ ಸುಣ್ಣಕಲ್ಲಿನಿಂದಲೂ ಆಯುಧ ಕಡೆದಿದ್ದರೆಂದು ತೋರಿಸಿದರು. ಅಲ್ಲಿನ ಇಸಾಂಪುರದ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಯವನ್ನು ಹೇಳುತ್ತಾರೆ. ಊಹೆ ಬದಲಾದರೂ ಫೂಟ್ ಅವರ ಒಂದು ಕಲ್ಲೂ ವ್ಯರ್ಥವಾಗಲಿಲ್ಲ. ಅದರ ಊರು ಬರೆದಿತ್ತಲ್ಲ!

ಕಳೆದ ಬೇಸಿಗೆಯಲ್ಲಿ ನಾನು ಕಾಕಾ ಅವರ ಡಬ್ಬಿಯನ್ನು ಕೆಳಗಿಳಿಸಿ ಫೂಟ್ ಅವರ ದಾರಿಯಲ್ಲಿ ಯೋಚಿಸಲು ಕುಳಿತೆ. ಮೊದಲನೆಯದಾಗಿ, ಇವುಗಳಲ್ಲಿ ಇಡಿಯಾದ ಬಾಣದ ಮೊನೆಗಳು ವಿರಳ. ಹೆಚ್ಚಿನವು ಅರ್ಧಚಂದ್ರಾಕೃತಿಯ, ತ್ರಿಕೋನಾಕೃತಿಯ ಅಲಗುಗಳು. ಇಂಥವನ್ನು ಕಡ್ಡಿಗೆ ಅಂಟಿನಿಂದ ಕೂಡಿಸಿ ಬಾಣ ಮಾಡುತ್ತಿದ್ದರು. ಇನ್ನು ಹುಟ್ಟೂರಿನ ಮಾತು. ಹಾಲುಬಿಳುಪಿನ ಬೆಣಚು ಗ್ರಾನೈಟ್ ನೆಲದ ಬಿರುಕುಗಳಲ್ಲಿ ಎಳೆಯಾಗಿ ಹುಟ್ಟುವಂಥದು; ಆ ನೆಲ ನಮಗೆ ದಕ್ಷಿಣಕ್ಕೆ, ಸುರಪುರ ಲಿಂಗಸೂಗೂರುಗಳ ಕಡೆ. ಮೇಣದಂತೆ ನುಣುಪಾದ ಕ್ಯಾಲ್ಸೆಡನಿ, ಪಟ್ಟೆಗಳುಳ್ಳ ಅಗೇಟ್ ಇವು ದಖನ್ ಟ್ರ್ಯಾಪಿನ ಕರಿಶಿಲೆಯ ಪೊಟರೆಗಳವು. ಭೀಮಾ ನದಿ ಪಡುವಣದಿಂದ ತನ್ನ ಜಲ್ಲಿಯಲ್ಲಿ ಅವನ್ನು ಉರುಳಿಸಿ ತರುತ್ತದೆ. ಹಾಗಾದರೆ ಬಿಳಿಯವೆಲ್ಲ ಸುರಪುರದ ಕಡೆಯವು, ಮಿಕ್ಕವು ನಮ್ಮೂರವು ಎಂದುಬಿಡಲೇ? ಬಿಳಿ ಬೆಣಚಿನ ಹರಳು ಭೀಮಾ ಶ್ರೇಣಿಯ ತಳದ ಮರಳುಗಲ್ಲಿನಲ್ಲಿಯೂ ಇದೆ. ಮೇಲಾಗಿ ಕಲ್ಲು ಹುಟ್ಟಿದ ನೆಲವೇ ಅದು ಬಿದ್ದ ನೆಲವಾಗಬೇಕೆಂದಿಲ್ಲ. ದಕ್ಷಿಣದ ಬೆಣಚನ್ನು ಬೇಟೆಗಾರನೊಬ್ಬ ಭೀಮೆಯ ದಂಡೆಯವರೆಗೆ ಸೊಂಟದಲ್ಲಿ ಕಟ್ಟಿಕೊಂಡು ಬಂದಿರಬಾರದೇಕೆ? ನಿಜವಾಗಿ ತಿಳಿಯಬೇಕಾದ ಸಂಗತಿ ಅದೇ ಆಗಿತ್ತು. ಅದನ್ನು ಹೇಳಬಲ್ಲದ್ದು ಆ ಚೀಟಿಯೊಂದೇ.

ಚೀಟಿಗಳು ಇನ್ನೂ ಡಬ್ಬಿಯ ತಳದಲ್ಲಿವೆ. ಕಾಕಾ ಅವರ ದುಂಡನೆಯ ಅಕ್ಷರ ಇಂದಿಗೂ ಮಾಸಿಲ್ಲ. ಕಲ್ಲುಗಳನ್ನು ಜಾತಿಯ ಪ್ರಕಾರ ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿದೆ. ಪೊಟ್ಟಣಗಳ ಮೇಲೆ ಶಿಲೆಯ ಹೆಸರನ್ನಷ್ಟೇ ಬರೆದು, ಊರಿನ ಜಾಗವನ್ನು ಬರಿದಾಗಿ ಬಿಟ್ಟಿದ್ದೇನೆ.