ಹರಿದಾಸಿ ಹರಪನಹಳ್ಳಿ ಭೀಮವ್ವನವರ ಚರಿತ್ರೆ



ನಮ್ಮ ಈ ಸೀಮೆ ದೇವರ ಸೀಮೆ. ಒಂದು ಕಡೆ ಕೊಟ್ಟೂರಿನ ಕೊಟ್ಟೂರೇಶ್ವರ, ಇನ್ನೊಂದು ಕಡೆ ಹಡಗಲಿ ತಾಲೂಕಿನ ಮೈಲಾರಲಿಂಗ, ದುರ್ಗದ ಮೇಲೆ ಉಚ್ಚಂಗೆಮ್ಮ, ಚಿಗಟೇರಿಯಲ್ಲಿ ನಾರದಮುನಿ ಸ್ವಾಮಿ. ನಾರದರಿಗೆ ಗುಡಿ ಇರುವ ಊರು ನಾಡಿನಲ್ಲಿ ಬಹಳ ಅಪರೂಪ. ಕೈಯಲ್ಲಿ ವೀಣೆ, ಬಾಯಲ್ಲಿ ಹರಿನಾಮ, ಇದೇ ನಾರದರ ಕಾಯಕ. ಪುರಂದರದಾಸರು ನಾರದರ ಅಂಶದವರು ಎಂದು ದಾಸಪಂಥದವರು ನಂಬುತ್ತಾರೆ. ಅಂಥ ನಾರದರು ನೆಲೆಸಿದ ಈ ಹರಪನಹಳ್ಳಿ ತಾಲೂಕಿನಲ್ಲೇ ಒಬ್ಬ ಹೆಣ್ಣುಮಗಳು ಒಲೆಯ ಮುಂದೆ ಕೂತು, ಮಕ್ಕಳನ್ನು ಸಾಕುತ್ತಾ, ಹಾಡು ಕಟ್ಟಿ ಹರಿದಾಸಿಯಾದರು. ಅವರೇ ಹರಪನಹಳ್ಳಿ ಭೀಮವ್ವನವರು. ಅವರ ಹಾಡು ಹಾಡಿದವರು ನಮ್ಮಲ್ಲಿ ಬಹಳ ಮಂದಿ. ಅವರ ಬಾಳು ಬಲ್ಲವರು ಕಡಿಮೆ. ಅದಕ್ಕೇ ಈ ನಾಲ್ಕು ಮಾತು.

ಹುಟ್ಟಿದೂರು

ಭೀಮವ್ವನವರು ಹುಟ್ಟಿದ್ದು 1823ರಲ್ಲಿ, ಹೊಸಪೇಟೆ ಕಡೆಯ ನಾರಾಯಣದೇವರಕೆರೆಯಲ್ಲಿ, ಮಾಧ್ವ ಬ್ರಾಹ್ಮಣರ ಮನೆತನದಲ್ಲಿ. ಆ ಊರನ್ನು ನೋಡೋಣ ಅಂದರೆ ಈಗ ಸಾಧ್ಯವಿಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ನೀರು ನಿಂತಾಗ ಹಳೆಯ ನಾರಾಯಣದೇವರಕೆರೆ ಮುಳುಗಿತು. ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ತವರೂರಿನ ಮನೆ ಮಠ ಎಲ್ಲ ನೀರಿನ ಪಾಲಾದರೂ ಆ ಊರ ಮಗಳ ಹಾಡು ಮಾತ್ರ ಮುಳುಗಲಿಲ್ಲ.

ಆಗ ಈ ಸೀಮೆಯೆಲ್ಲ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಕುಂಪಣಿ ಸರಕಾರದ ಆಳ್ವಿಕೆ ನಡೆದಿತ್ತು. ಹೆಣ್ಣುಮಕ್ಕಳ ಶಾಲೆ ಅನ್ನೋದು ಈ ಹಳ್ಳಿಗಳಿಗೆ ಬಂದಿರಲಿಲ್ಲ. ಹೆಣ್ಣು ಕಲಿಯುತ್ತಿದ್ದ ಶಾಲೆ ಎಂದರೆ ಮನೆಯೇ. ಅಜ್ಜಿಯ ಬಾಯಿಂದ ಕಥೆ, ಅವ್ವನ ಬಾಯಿಂದ ಹಾಡು, ಗುಡಿಯಲ್ಲಿ ಪುರಾಣ. ಕಿವಿಯಿಂದ ಕೇಳಿ ಎದೆಯಲ್ಲಿ ಇಟ್ಟುಕೊಳ್ಳುವುದೇ ಆಗಿನ ಹೆಣ್ಣುಮಕ್ಕಳ ವಿದ್ಯೆ.

ಹನ್ನೊಂದಕ್ಕೆ ಮದುವೆ

ಹನ್ನೊಂದು ವರ್ಷದ ಹೊತ್ತಿಗೆ ಭೀಮವ್ವನವರ ಮದುವೆಯಾಯಿತು. ಗಂಡ ಹರಪನಹಳ್ಳಿಯ ಮುನಿಯಪ್ಪನವರು, ವಯಸ್ಸಿನಲ್ಲಿ ಬಹಳ ಹಿರಿಯರು. ಇವತ್ತು ನಾವು ಇದನ್ನು ಕೇಳಿದರೆ ಎದೆ ಝಲ್ ಅನ್ನುತ್ತದೆ. ಆಟ ಆಡೋ ಕೂಸು ಅತ್ತೆಮನೆಯ ಹೊಸ್ತಿಲು ದಾಟಿ ಬಂದಿತ್ತು. ಆಗ ಅದೇ ರೂಢಿ, ಕೇಳುವವರು ಯಾರೂ ಇರಲಿಲ್ಲ. ರೂಢಿ ಅಂದ ಮಾತ್ರಕ್ಕೆ ಅದು ಸರಿ ಅಂತ ಅಲ್ಲ. ಆ ಎಳೆಯ ಹೆಗಲ ಮೇಲೆ ಎಷ್ಟು ಭಾರ ಬಿತ್ತು ಎಂಬುದನ್ನು ತಿಳಿಯದೆ ಅವರ ದೊಡ್ಡತನ ತಿಳಿಯುವುದಿಲ್ಲ.

ಆ ಕಾಲದ ಮಡಿವಂತರ ಮನೆಯ ಹೆಣ್ಣುಮಗಳ ದಿನ ಹೇಗಿತ್ತು ಅನ್ನೋದು ನಮ್ಮ ಅಜ್ಜಿಯಂದಿರನ್ನು ಕಂಡವರಿಗೆ ಗೊತ್ತು. ಕೋಳಿ ಕೂಗುವ ಮುಂಚೆ ಏಳಬೇಕು. ಅಂಗಳಕ್ಕೆ ಸಗಣಿ ನೀರು ಹಾಕಿ ಗುಡಿಸಿ ರಂಗೋಲಿ ಇಡಬೇಕು. ಬಾವಿಯಿಂದ ಮಡಿನೀರು ಸೇದಿ ತರಬೇಕು. ಬೀಸುವ ಕಲ್ಲಿನ ಮುಂದೆ ಕೂತು ಜೋಳ ಬೀಸಬೇಕು, ಒರಳಲ್ಲಿ ಕುಟ್ಟಬೇಕು. ದೇವರಪೂಜೆಗೆ ಅಣಿ ಮಾಡಬೇಕು. ಹಸೀ ಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಅಡಿಗೆ ಮಾಡಬೇಕು. ಬಂದವರಿಗೆಲ್ಲ ಬಡಿಸಿ, ಉಳಿದರೆ ತಾನು ಉಣ್ಣಬೇಕು. ಇದಕ್ಕೆ ಸಂಬಳ ಇಲ್ಲ, ರಜೆ ಇಲ್ಲ, ಮೆಚ್ಚಿ ಒಂದು ಮಾತು ಆಡುವವರೂ ಇಲ್ಲ. ದುಡಿಯೋ ಹೆಂಗಸು ಅಂದರೆ ಹೊಲಕ್ಕೆ ಕೂಲಿಗೆ ಹೋಗುವವಳು, ಆಫೀಸಿಗೆ ಹೋಗುವವಳು ಅಂತ ನಾವು ಈಗ ತಿಳಿಯುತ್ತೇವೆ. ಮನೆಯೊಳಗಿನ ಈ ದುಡಿಮೆ ಯಾವ ಲೆಕ್ಕದ ಪುಸ್ತಕದಲ್ಲೂ ಬರಲಿಲ್ಲ.

ಈ ದುಡಿಮೆಗೆ ಆಸರೆಯಾಗಿದ್ದದ್ದು ಹಾಡು. ಬೀಸುವಾಗ ಹಾಡು, ಕುಟ್ಟುವಾಗ ಹಾಡು, ತೊಟ್ಟಿಲು ತೂಗುವಾಗ ಹಾಡು. ಕೈ ದಣಿದರೂ ಬಾಯಿ ದಣಿಯುತ್ತಿರಲಿಲ್ಲ. ಭೀಮವ್ವನವರು ಬೆಳೆದದ್ದು ಈ ಹಾಡಿನ ನಡುವೆ. ಗಂಡನ ಸೇವೆ, ಮನೆಯ ಕೆಲಸ, ಹುಟ್ಟಿದ ಎರಡು ಹೆಣ್ಣುಮಕ್ಕಳ ಲಾಲನೆ ಪಾಲನೆ, ಇದರಲ್ಲೇ ಅವರ ಹರೆಯ ಕಳೆಯಿತು.

ಕುಂಕುಮ ಅಳಿಸಿತು

ಮೂವತ್ತೈದರ ಹೊತ್ತಿಗೆ ಮುನಿಯಪ್ಪನವರು ತೀರಿಕೊಂಡರು. ಭೀಮವ್ವನವರು ಎರಡು ಹೆಣ್ಣುಮಕ್ಕಳ ತಾಯಿ, ವಿಧವೆ.

ಗಂಡ ಸತ್ತ ಹೆಣ್ಣಿಗೆ ಆ ಮನೆತನಗಳಲ್ಲಿ ಇದ್ದ ಕಟ್ಟಳೆ ಬಹಳ ಕಠಿಣ. ಹಣೆಗೆ ಕುಂಕುಮ ಇಲ್ಲ, ಕೈಗೆ ಬಳೆ ಇಲ್ಲ, ತಲೆಯಲ್ಲಿ ಕೂದಲು ಇಲ್ಲ. ಒಂದು ಹೊತ್ತಿನ ಊಟ. ಮದುವೆ ಮನೆಯಲ್ಲಿ ಹಸೆಯ ಹತ್ತಿರ ಸುಳಿಯಬಾರದು, ಆರತಿ ಎತ್ತಬಾರದು. ಶುಭಕಾರ್ಯಕ್ಕೆ ಹೊರಟವರಿಗೆ ಎದುರು ಬರಬಾರದು. ವಿಧವೆಯರು ಮತ್ತೆ ಮದುವೆಯಾಗಬಹುದು ಎಂದು 1856ರಲ್ಲೇ ಸರಕಾರ ಕಾಯಿದೆ ಮಾಡಿತ್ತು. ಅದು ಕಾಗದದಲ್ಲಿ ಉಳಿಯಿತೇ ಹೊರತು ನಮ್ಮ ಹಳ್ಳಿಯ ನಡುಮನೆಗೆ ಬರಲಿಲ್ಲ. ಎಷ್ಟೋ ತಾಯಂದಿರು ಹಿತ್ತಲ ಕೋಣೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಆಯುಷ್ಯ ಕಳೆದು ಹೋದರು.

ಭೀಮವ್ವನವರಿಗೂ ದಾರಿ ಅಷ್ಟೇ ಇತ್ತು. ಆದರೆ ಅವರು ಆ ಕತ್ತಲಲ್ಲಿ ಕೂತು ಅಳಲಿಲ್ಲ. ಮಕ್ಕಳನ್ನು ದಡ ಸೇರಿಸುವ ಹೊಣೆ ಹೊತ್ತರು. ಮನಸ್ಸನ್ನು ಶ್ರೀಹರಿಯ ಪಾದಕ್ಕೆ ಕಟ್ಟಿದರು. ಎಳವೆಯಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಪುರಾಣ, ಕಥೆ, ಧಾಟಿ ಎಲ್ಲ ಈಗ ಅವರ ಬಾಯಿಂದ ಹಾಡಾಗಿ ಹರಿಯತೊಡಗಿತು.

ಭೀಮೇಶಕೃಷ್ಣ

ದಾಸರ ಹಾಡಿನ ಕೊನೆಗೆ ಅಂಕಿತ ಇರುತ್ತದೆ. ಅದು ದೇವರ ಹೆಸರು, ಹಾಡಿದವರ ಗುರುತು ಕೂಡ. ಭೀಮವ್ವನವರ ಅಂಕಿತ ಭೀಮೇಶಕೃಷ್ಣ. ಇದು ಅವರಿಗೆ ಕನಸಿನಲ್ಲಿ ಸಿಕ್ಕಿತೆಂದು ಪ್ರತೀತಿ ಇದೆ. ಭೀಮನ ಒಡೆಯನಾದ ಕೃಷ್ಣ ಎಂಬ ಈ ಹೆಸರಿನೊಳಗೆ ಭೀಮವ್ವನ ಹೆಸರೂ ಅಡಗಿದೆ. ಹಾಡಿನಲ್ಲಿ ಈ ಅಂಕಿತ ಬಂತೆಂದರೆ ಅದು ನಮ್ಮ ಹರಪನಹಳ್ಳಿ ಅವ್ವನದು ಅಂತ ತಿಳಿಯಬೇಕು.

ದಾಸರಲ್ಲಿ ಹೆಂಗಸರು ಇರಲಿಲ್ಲ ಅಂತಲ್ಲ. ಇಲ್ಲಿಗೆ ದೂರವಲ್ಲದ ಮಲೆಬೆನ್ನೂರು ಹತ್ತಿರದ ಹೆಳವನಕಟ್ಟೆ ರಂಗನಾಥನನ್ನು ನಂಬಿದ ಗಿರಿಯಮ್ಮನವರು ಇವರಿಗಿಂತ ಮುಂಚೆಯೇ ಹಾಡು ಕಟ್ಟಿ ಹೆಸರಾಗಿದ್ದರು. ಆ ದಾರಿಯಲ್ಲಿ ಬಂದವರು ಭೀಮವ್ವನವರು. ದೇವರನಾಮ ಮಾತ್ರವಲ್ಲದೆ ಆರತಿ ಹಾಡು, ಹಸೆ ಹಾಡು, ಬೀಗರ ಹಾಡು, ವ್ರತದ ಹಾಡು, ಹೀಗೆ ಹೆಣ್ಣುಮಕ್ಕಳಿಗೆ ವರ್ಷವಿಡೀ ಬೇಕಾಗುವ ಹಾಡುಗಳನ್ನು ಅವರು ಮಾಡಿದರು. ಭಾಷೆ ನಮ್ಮ ಮನೆಯ ಭಾಷೆ. ಅವರ ಹಾಡಿನ ಲಕ್ಷ್ಮಿ ನಮ್ಮ ಮನೆಗೆ ಬಂದ ಮಗಳಂತೆ, ಕೃಷ್ಣ ಓಣಿಯಲ್ಲಿ ಓಡಾಡುವ ತುಂಟ ಹುಡುಗನಂತೆ ಕಾಣುತ್ತಾನೆ.

ನಳಚರಿತ್ರೆ, ಸುಧಾಮಚರಿತ್ರೆಯಂಥ ದೊಡ್ಡ ಕಥೆಗಳನ್ನೂ ಅವರು ಹಾಡಾಗಿ ಮಾಡಿದರು. ನಳನ ಕಥೆ ಎಲ್ಲರಿಗೂ ಗೊತ್ತು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಗಂಡನ ಹಿಂದೆ ದಮಯಂತಿ ಕಾಡಿಗೆ ಹೋದಳು. ಅವನು ನಡುರಾತ್ರಿ ಬಿಟ್ಟು ಹೋದರೂ ಧೈರ್ಯ ಬಿಡದೆ ಬದುಕಿ ಅವನನ್ನು ಹುಡುಕಿಸಿದಳು. ಸುಧಾಮನ ಕಥೆಯಲ್ಲಿ ಎಲ್ಲರೂ ಸುಧಾಮನನ್ನೂ ಕೃಷ್ಣನನ್ನೂ ನೆನೆಯುತ್ತಾರೆ. ಆದರೆ ಮಕ್ಕಳ ಹಸಿವು ನೋಡಲಾರದೆ ಗಂಡನನ್ನು ಒಪ್ಪಿಸಿದವಳು ಯಾರು? ನೆರೆಮನೆಯಲ್ಲಿ ಬೇಡಿ ತಂದ ಹಿಡಿ ಅವಲಕ್ಕಿಯನ್ನು ಹರಕು ಬಟ್ಟೆಯಲ್ಲಿ ಕಟ್ಟಿ ದ್ವಾರಕೆಗೆ ಕಳಿಸಿದವಳು ಯಾರು? ಅವನ ಹೆಂಡತಿ. ಆ ತಾಯಿ ಇಲ್ಲದಿದ್ದರೆ ಆ ಕಥೆಯೇ ಇಲ್ಲ. ಬರಿಗೈಯಲ್ಲಿ ಸಂಸಾರ ತೂಗಿದ ಹೆಂಗಸರ ಕಷ್ಟ ಭೀಮವ್ವನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬರದ ಕಾಲ

ಅವರಿಗೆ ಐವತ್ತು ದಾಟಿದಾಗ ಧಾತು ಈಶ್ವರ ಬರ ಬಂತು. 1876ರಿಂದ 1878ರವರೆಗೆ ಮಳೆ ಬೆಳೆ ಇಲ್ಲದೆ ದಕ್ಷಿಣದೇಶವೆಲ್ಲ ತತ್ತರಿಸಿತು. ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಜೋಳದ ಹಗೇವು ಬರಿದಾಯಿತು, ದನಕರು ಸತ್ತವು, ಜನ ಊರು ಬಿಟ್ಟು ಗಂಜಿ ಕೇಂದ್ರಗಳಿಗೆ ನಡೆದರು. ನಡೆಯಲಾರದವರು ದಾರಿಯಲ್ಲೇ ಬಿದ್ದರು. ಈ ದುಃಖವನ್ನೆಲ್ಲ ಕಂಡ ತಲೆಮಾರು ಅವರದು. ಹಿಡಿ ಅವಲಕ್ಕಿಯ ಬೆಲೆ ಅಂಥ ಕಾಲದವರಿಗೇ ಗೊತ್ತು.

ಹಾಡು ಉಳಿದ ಬಗೆ

ಎಂಬತ್ತು ವರ್ಷ ಬಾಳಿ ಭೀಮವ್ವನವರು 1903ರಲ್ಲಿ ಹರಿಪಾದ ಸೇರಿದರು. ಅವರು ಮಠ ಕಟ್ಟಲಿಲ್ಲ, ಆಸ್ತಿ ಬಿಡಲಿಲ್ಲ. ಬಿಟ್ಟುಹೋದದ್ದು ಹಾಡು ಮಾತ್ರ. ಅದನ್ನು ಕಾಪಾಡಿದವರು ಹೆಣ್ಣುಮಕ್ಕಳೇ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಾಯಿಂದ ಬಾಯಿಗೆ ಬಂತು. ಅಕ್ಷರ ಬಲ್ಲವರು ಹಾಡಿನ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಮದುವೆಯಾಗಿ ಹೋಗುವ ಹುಡುಗಿ ಸೀರೆಯ ಜೊತೆಗೆ ಆ ಪುಸ್ತಕವನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದಳು. ಹೀಗೆ ಹಾಡು ಊರೂರು ದಾಟಿತು. ಆಮೇಲೆ ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದರು.

ಇಲ್ಲಿ ಒಂದು ಮಾತನ್ನು ಎಲ್ಲರೂ ಮನಸ್ಸಿಟ್ಟು ಯೋಚಿಸಬೇಕು. ಕಟ್ಟಳೆಯ ಪ್ರಕಾರ ಭೀಮವ್ವನವರಂಥವರು ಹಸೆಯ ಹತ್ತಿರ ಬರುವಂತಿರಲಿಲ್ಲ. ಆದರೆ ಮದುಮಕ್ಕಳನ್ನು ಹಸೆಗೆ ಕರೆಯುವುದಕ್ಕೆ ಅವರ ಹಾಡೇ ಬೇಕಾಯಿತು. ಆರತಿ ತಟ್ಟೆ ಮುಟ್ಟಬಾರದ ಕೈ ಅವರದು. ಆದರೆ ಮುತ್ತೈದೆಯರು ಆರತಿ ಎತ್ತುವಾಗ ಅವರ ಬಾಯಲ್ಲಿ ಬಂದದ್ದು ಭೀಮೇಶಕೃಷ್ಣನ ಹೆಸರು. ಜನ ಬಾಗಿಲ ಹೊರಗೆ ನಿಲ್ಲಿಸಿದ ತಾಯಿಯನ್ನು ಭಗವಂತ ಹಾಡಿನ ರೂಪದಲ್ಲಿ ನಡುಮನೆಗೆ ಕರೆತಂದು ಕೂರಿಸಿದ. ಹಾಗಾದರೆ ಅಮಂಗಲ ಅನ್ನೋದು ಆ ತಾಯಿಯಲ್ಲಿ ಇತ್ತೋ, ನೋಡುವವರ ಕಣ್ಣಿನಲ್ಲಿ ಇತ್ತೋ?

ಭಕ್ತರೇ, ನೀವು ಇಲ್ಲಿಂದ ಪ್ರಸಾದ ತೆಗೆದುಕೊಂಡು ಊರಿಗೆ ಹೋಗುತ್ತೀರಿ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದರೆ, ಗಂಡನನ್ನು ಕಳೆದುಕೊಂಡ ಅಕ್ಕ, ಅತ್ತಿಗೆ, ಅತ್ತೆ ಇದ್ದರೆ, ಪ್ರಸಾದವನ್ನು ಮೊದಲು ಅವರ ಕೈಗೆ ಕೊಡಿ. ಮುಂದಿನ ಶುಭಕಾರ್ಯದಲ್ಲಿ ಅವರನ್ನು ಮೂಲೆಯಲ್ಲಿ ಕೂರಿಸದೆ ಮುಂದಕ್ಕೆ ಕರೆಯಿರಿ. ಅವರಿಗೆ ಬರುವ ಹಾಡನ್ನು ಹಾಡಿಸಿ, ಮಕ್ಕಳಿಗೆ ಕಲಿಸಿ. ಮನೆಗಾಗಿ ದುಡಿಯುವ ಹೆಣ್ಣುಮಗಳ ಬೆವರೂ ದೇವರ ಅಭಿಷೇಕದ ನೀರಿಗೆ ಸಮಾನ ಅಂತ ತಿಳಿಯಿರಿ.

ಭೀಮವ್ವನವರ ಊರು ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಬದಲಾದರೂ ಆ ಅವ್ವನ ಹೆಸರಿನ ಮುಂದೆ ಹರಪನಹಳ್ಳಿ ಅನ್ನೋದು ಬದಲಾಗಿಲ್ಲ. ನಮ್ಮ ಸೀಮೆಗೆ ಇಂಥ ತಾಯಿ ಸಿಕ್ಕಿದ್ದು ನಮ್ಮ ಪುಣ್ಯ. ಅವರ ಸ್ಮರಣೆಯಿಂದ ಎಲ್ಲರ ಮನೆಯ ದೀಪ ಬೆಳಗಲಿ, ಹೆಣ್ಣುಮಕ್ಕಳ ಬಾಳು ಹಸನಾಗಲಿ.

ಶುಭಮಸ್ತು.