ರಾಮಾನುಜನ್ ಅವರನ್ನು ಬಲಿ ಪಡೆದಿದ್ದು ಕ್ಷಯವೇ? ಒಂದು ರಕ್ತಪರೀಕ್ಷೆ ಇದ್ದಿದ್ದರೆ ಉಳಿಯುತ್ತಿದ್ದರೇ ಗಣಿತಜ್ಞ?

ಪ್ರತಿ ವರ್ಷ ಡಿಸೆಂಬರ್ 22ರಂದು ದೇಶವು ರಾಷ್ಟ್ರೀಯ ಗಣಿತ ದಿನ ಆಚರಿಸುತ್ತದೆ. ಅದು ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ. ಅವರು ಬದುಕಿದ್ದು ಕೇವಲ 32 ವರ್ಷ. ಕ್ಷಯರೋಗದಿಂದ ತೀರಿಕೊಂಡರು ಎಂದೇ ನಾವೆಲ್ಲ ಓದಿದ್ದೇವೆ. ಆದರೆ ಅವರ ಕಾಯಿಲೆ ಕ್ಷಯವೇ ಆಗಿತ್ತೇ ಎಂಬ ಪ್ರಶ್ನೆ ವೈದ್ಯಲೋಕದಲ್ಲಿ ಇಂದಿಗೂ ಇದೆ. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರೊಬ್ಬರು ಮುಂದೆ ಚೆನ್ನೈ ಬಳಿಯ ತಾಂಬರಂನಲ್ಲಿ ಕಟ್ಟಿದ ಆಸ್ಪತ್ರೆಯ ಕಥೆಯೂ ಈ ಪ್ರಶ್ನೆಯ ಜೊತೆಗೇ ಬರುತ್ತದೆ.

ಈರೋಡಿನಿಂದ ಕೇಂಬ್ರಿಡ್ಜ್‌ವರೆಗೆ

ರಾಮಾನುಜನ್ ಹುಟ್ಟಿದ್ದು 1887ರಲ್ಲಿ, ತಾಯಿಯ ತವರು ಈರೋಡಿನಲ್ಲಿ. ಬೆಳೆದಿದ್ದು ಕಾವೇರಿ ತೀರದ ಕುಂಭಕೋಣಂನಲ್ಲಿ. ತಂದೆ ಸೀರೆ ಅಂಗಡಿಯಲ್ಲಿ ಗುಮಾಸ್ತ. ಗಣಿತದ ಹುಚ್ಚು ಎಷ್ಟಿತ್ತೆಂದರೆ ಉಳಿದ ವಿಷಯಗಳಲ್ಲಿ ಫೇಲಾಗಿ ಕಾಲೇಜು ಅರ್ಧಕ್ಕೇ ನಿಂತಿತು. 1906ರಲ್ಲಿ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದಾಗ ರಕ್ತಭೇದಿಗೆ ತುತ್ತಾಗಿ ಊರಿಗೆ ಮರಳಬೇಕಾಯಿತು. ಆಗ ಯಾರೂ ಇದನ್ನು ದೊಡ್ಡ ವಿಷಯವೆಂದು ಎಣಿಸಲಿಲ್ಲ. ಸುಮಾರು 90 ವರ್ಷಗಳ ನಂತರ ಇದೇ ಮುಖ್ಯ ಸುಳಿವಾಯಿತು.

1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತನ ಕೆಲಸ ಸಿಕ್ಕಿತು. 1913ರ ಜನವರಿಯಲ್ಲಿ ಕೇಂಬ್ರಿಡ್ಜ್‌ನ ಗಣಿತಜ್ಞ ಜಿ.ಎಚ್. ಹಾರ್ಡಿ ಅವರಿಗೆ ತಮ್ಮ ಸೂತ್ರಗಳನ್ನು ಬರೆದು ಕಳುಹಿಸಿದರು. ಆ ಪತ್ರ ಅವರ ಬದುಕನ್ನೇ ಬದಲಿಸಿತು. 1914ರ ಮಾರ್ಚ್‌ನಲ್ಲಿ ಪತ್ನಿ ಜಾನಕಿಯನ್ನು ಊರಿನಲ್ಲೇ ಬಿಟ್ಟು ಹಡಗು ಹತ್ತಿದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆದ ಮೊದಲ ಭಾರತೀಯ ಎನಿಸಿದರು. ಈ ಎರಡೂ ಗೌರವ ಸಿಕ್ಕಾಗ ಅವರು ರೋಗಿಯಾಗಿದ್ದರು.

ಒಂದು ಜ್ವರ, ನಾಲ್ಕು ಊಹೆ

1917ರ ವಸಂತದಲ್ಲಿ ಕಾಯಿಲೆ ಶುರುವಾಯಿತು. ಬಂದು ಹೋಗುವ ಜ್ವರ, ಹೊಟ್ಟೆನೋವು, ದಿನೇ ದಿನೇ ಇಳಿಯುವ ಮೈ. ಮಹಾಯುದ್ಧದ ದಿನಗಳಾದ್ದರಿಂದ ಕಟ್ಟಾ ಸಸ್ಯಾಹಾರಿಯಾಗಿದ್ದ ಅವರಿಗೆ ಬೇಕಾದ ಆಹಾರವೂ ಸರಿಯಾಗಿ ಸಿಗುತ್ತಿರಲಿಲ್ಲ.

ಕೇಂಬ್ರಿಡ್ಜ್‌ನ ವೈದ್ಯರು ಮೊದಲು ಹೊಟ್ಟೆಹುಣ್ಣು ಎಂದು ಭಾವಿಸಿದರು. ಆಮೇಲೆ ಕ್ಷಯದ ಅನುಮಾನ ಬಂತು. 1918ರಲ್ಲಿ ಲಂಡನ್ನಿನ ತಜ್ಞರೊಬ್ಬರು ಯಕೃತ್ತಿನ, ಅಂದರೆ ಲಿವರ್‌ನ ಕ್ಯಾನ್ಸರ್ ಇರಬಹುದೆಂದು ಶಂಕಿಸಿದರು. ಭಾರತದಲ್ಲಿದ್ದಾಗ ರಾಮಾನುಜನ್ ಅವರಿಗೆ ಆಗಿದ್ದ ಶಸ್ತ್ರಚಿಕಿತ್ಸೆ ಗಡ್ಡೆ ತೆಗೆಯಲು ಮಾಡಿದ್ದಿರಬೇಕು, ಅದೇ ಹರಡಿದೆ ಎಂಬುದು ಅವರ ತರ್ಕ. ಸೀಸದ ವಿಷವಿರಬಹುದೇ ಎಂಬ ಮಾತೂ ಬಂತು. ತಿಂಗಳುಗಳು ಕಳೆದರೂ ಕ್ಯಾನ್ಸರಿನಂತೆ ರೋಗ ಉಲ್ಬಣಿಸಲಿಲ್ಲ. ಕೊನೆಗೆ ಎಲ್ಲರೂ ಕ್ಷಯಕ್ಕೇ ಮರಳಿದರು.

1917ರ ಅಕ್ಟೋಬರ್‌ನಲ್ಲಿ ಅವರನ್ನು ಸಾಮರ್ಸೆಟ್‌ನ ಮೆಂಡಿಪ್ ಹಿಲ್ಸ್ ಸ್ಯಾನಟೋರಿಯಂಗೆ ಸೇರಿಸಲಾಯಿತು. ಅದನ್ನು ನಡೆಸುತ್ತಿದ್ದವರು ಭಾರತೀಯ ಮೂಲದ ಕ್ಷಯ ತಜ್ಞ ಡಾ. ಡೇವಿಡ್ ಚೌರಿ ಮುತ್ತು. ಆಗ ಕ್ಷಯಕ್ಕೆ ಔಷಧವೇ ಇರಲಿಲ್ಲ. ತೆರೆದ ಗಾಳಿ, ವಿಶ್ರಾಂತಿ, ಪುಷ್ಟಿಯಾದ ಊಟ, ಇವಿಷ್ಟೇ ಚಿಕಿತ್ಸೆ. ಅಲ್ಲಿಂದ ಡರ್ಬಿಶೈರ್‌ನ ಮ್ಯಾಟ್ಲಾಕ್‌ಗೆ, ಬಳಿಕ ಲಂಡನ್ನಿಗೆ ಹೋದರು. ಕಿಟಕಿ ತೆರೆದಿಟ್ಟ ಕೋಣೆಗಳ ಚಳಿ ದಕ್ಷಿಣ ಭಾರತದ ಈ ರೋಗಿಯನ್ನು ಹಿಂಡಿತು. ಲಂಡನ್ನಿನ ಪುಟ್ನಿಯಲ್ಲಿ ಹಾಸಿಗೆ ಹಿಡಿದಿದ್ದಾಗಲೇ ಹಾರ್ಡಿ ಬಂದ ಟ್ಯಾಕ್ಸಿಯ ಸಂಖ್ಯೆ 1729ರ ವಿಶೇಷವನ್ನು ಅವರು ಥಟ್ಟನೆ ಹೇಳಿದ್ದು.

ವೈದ್ಯರ ಕೈಯಲ್ಲಿ ಏನಿತ್ತು?

ಅಂದಿನ ವೈದ್ಯರು ದಡ್ಡರಾಗಿರಲಿಲ್ಲ. ಅವರಿಗೆ ಕೊರತೆಯಾಗಿದ್ದು ಜೈವಿಕ ಸೂಚಕಗಳು. ದೇಹದೊಳಗೆ ನಡೆಯುತ್ತಿರುವುದನ್ನು ರಕ್ತ, ಕಫ, ಮೂತ್ರದಲ್ಲಿ ಅಳೆದು ತೋರಿಸುವ ಗುರುತುಗಳಿಗೆ ಈ ಹೆಸರು. ಬಯೋಮಾರ್ಕರ್ ಎಂಬ ಪದ ಹೊಸದಾಗಿ ಕಂಡರೂ ವಿಷಯ ಎಲ್ಲರಿಗೂ ಗೊತ್ತಿರುವುದೇ. ಸಕ್ಕರೆ ಕಾಯಿಲೆಗೆ ಎಚ್‌ಬಿಎ1ಸಿ, ಹೃದಯಾಘಾತಕ್ಕೆ ಟ್ರೋಪೋನಿನ್, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ಇವೆಲ್ಲವೂ ಜೈವಿಕ ಸೂಚಕಗಳೇ.

1917ರಲ್ಲಿ ಕಫಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಹುಡುಕುವುದು ಗೊತ್ತಿತ್ತು. ರಾಬರ್ಟ್ ಕಾಖ್ ಆ ಬ್ಯಾಕ್ಟೀರಿಯಾವನ್ನು 1882ರಲ್ಲೇ ಜಗತ್ತಿಗೆ ತೋರಿಸಿದ್ದರು. ಎಕ್ಸ್‌ರೇ ಇತ್ತು, ರಕ್ತಕಣ ಎಣಿಸುವ ವಿಧಾನವೂ ಇತ್ತು. ಆದರೆ ಕಾಯಿಲೆ ಶ್ವಾಸಕೋಶದ ಹೊರಗಿದ್ದರೆ ಕಫ ಏನನ್ನೂ ಹೇಳುವುದಿಲ್ಲ. ಲಿವರ್‌ನಲ್ಲಿ ಕೀವು ತುಂಬಿದೆಯೇ ಎಂದು ನೋಡಲು ಅಲ್ಟ್ರಾಸೌಂಡ್ ಇರಲಿಲ್ಲ. ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಪತ್ತೆಹಚ್ಚುವ ಇಂದಿನಂಥ ಸುಲಭ ರಕ್ತಪರೀಕ್ಷೆಯೂ ಇರಲಿಲ್ಲ.

1994ರಲ್ಲಿ ಸಿಕ್ಕ ಹೊಸ ಉತ್ತರ

ಬ್ರಿಟನ್ನಿನ ಡಿ.ಎ.ಬಿ. ಯಂಗ್ ಹಳೆಯ ಪತ್ರಗಳನ್ನೂ ರೋಗಲಕ್ಷಣಗಳನ್ನೂ ಮತ್ತೆ ಪರಿಶೀಲಿಸಿ 1994ರಲ್ಲಿ ಬೇರೆಯೇ ತೀರ್ಮಾನಕ್ಕೆ ಬಂದರು. ಅವರ ಪ್ರಕಾರ ರಾಮಾನುಜನ್ ಅವರಿಗಿದ್ದುದು ಲಿವರ್ ಅಮೀಬಿಯಾಸಿಸ್. ರಕ್ತಭೇದಿ ತರುವ ಅಮೀಬಾ ಕೆಲವರ ಕರುಳಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು ನಂತರ ಲಿವರ್‌ಗೆ ದಾಳಿ ಇಡಬಲ್ಲದು. ಆ ಹೊತ್ತಿಗೆ ಮಲ ಪರೀಕ್ಷೆಯಲ್ಲಿ ಅದು ಕಾಣದೆಯೂ ಹೋಗಬಹುದು. ಮದ್ರಾಸಿನ ದಿನಗಳ ರಕ್ತಭೇದಿ, ಏರಿಳಿಯುವ ಜ್ವರ, ಹೊಟ್ಟೆನೋವು, ನಡುನಡುವೆ ಕಾಣಿಸಿಕೊಂಡ ಚೇತರಿಕೆ ಎಲ್ಲವೂ ಇದಕ್ಕೆ ಹೊಂದುತ್ತಿದ್ದವು.

ಮನಸ್ಸಿಗೆ ನೋವಾಗುವುದು ಇಲ್ಲಿಯೇ. ಕ್ಷಯಕ್ಕೆ ಅಂದು ಮದ್ದಿರಲಿಲ್ಲ, ಅಮೀಬಾಕ್ಕೆ ಇತ್ತು! ಕಲ್ಕತ್ತಾದಲ್ಲಿದ್ದ ವೈದ್ಯ ಲಿಯೊನಾರ್ಡ್ ರೋಜರ್ಸ್ 1912ರಲ್ಲೇ ಎಮಿಟೀನ್ ಚುಚ್ಚುಮದ್ದು ಪರಿಣಾಮಕಾರಿ ಎಂದು ತೋರಿಸಿದ್ದರು. ಕೀವು ಹೊರತೆಗೆಯುವ ಶಸ್ತ್ರಚಿಕಿತ್ಸೆಯೂ ಇತ್ತು. ರೋಗದ ಹೆಸರು ಗೊತ್ತಾಗದ ಕಾರಣ ಆ ಮದ್ದು ರೋಗಿಯ ಹತ್ತಿರ ಬರಲೇ ಇಲ್ಲ. ಯಂಗ್ ಅವರ ತೀರ್ಮಾನ ಲಕ್ಷಣಗಳ ಮೇಲೆ ನಿಂತಿದೆ, ಪ್ರಯೋಗಾಲಯದ ಸಾಕ್ಷ್ಯದ ಮೇಲಲ್ಲ. ಇಂದು ಪರೀಕ್ಷಿಸಿ ನೋಡೋಣವೆಂದರೆ ಯಾವ ಮಾದರಿಯೂ ಉಳಿದಿಲ್ಲ.

ಚೇಟ್‌ಪೇಟ್‌ನಲ್ಲಿ ಕೊನೆಯ ದಿನಗಳು

1919ರ ಮಾರ್ಚ್‌ನಲ್ಲಿ ರಾಮಾನುಜನ್ ತಾಯ್ನಾಡಿಗೆ ಮರಳಿದರು. ಮದ್ರಾಸ್, ಕಾವೇರಿ ದಡದ ಕೊಡುಮುಡಿ, ಕುಂಭಕೋಣಂ ಎಂದು ಜಾಗ ಬದಲಾದರೂ ಜ್ವರ ಬಿಡಲಿಲ್ಲ. ಮದ್ರಾಸಿನ ಹೆಸರಾಂತ ವೈದ್ಯ ಡಾ. ಪಿ.ಎಸ್. ಚಂದ್ರಶೇಖರ್ ಕ್ಷಯವೆಂದೇ ಚಿಕಿತ್ಸೆ ನೀಡಿದರು. 1920ರ ಜನವರಿಯಲ್ಲಿ ಹಾರ್ಡಿಗೆ ಬರೆದ ಕೊನೆಯ ಪತ್ರದಲ್ಲಿ ಅವರು ಮಾಕ್ ಥೀಟಾ ಫಂಕ್ಷನ್ ಎಂಬ ಹೊಸ ಗಣಿತವನ್ನೇ ಮುಂದಿಟ್ಟರು. ಜಾನಕಿ ಹಗಲಿರುಳು ಆರೈಕೆ ಮಾಡಿದರು. 1920ರ ಏಪ್ರಿಲ್ 26ರಂದು ಮದ್ರಾಸಿನ ಚೇಟ್‌ಪೇಟ್‌ನಲ್ಲಿ ರಾಮಾನುಜನ್ ಕೊನೆಯುಸಿರೆಳೆದರು.

ತಾಂಬರಂನಲ್ಲಿ ಬದಲಾದ ಚಿಕಿತ್ಸೆ

ರಾಮಾನುಜನ್ ತೀರಿಕೊಂಡ ಎಂಟು ವರ್ಷಗಳ ನಂತರ, 1928ರಲ್ಲಿ, ಡಾ. ಮುತ್ತು ಮದ್ರಾಸಿನ ಹೊರವಲಯದ ತಾಂಬರಂನಲ್ಲಿ ಕ್ಷಯರೋಗಿಗಳಿಗಾಗಿ ಸ್ಯಾನಟೋರಿಯಂ ಸ್ಥಾಪಿಸಿದರು. ಇಂಗ್ಲೆಂಡಿನಲ್ಲಿ ಅನುಸರಿಸಿದ ಗಾಳಿ, ಬೆಳಕು, ವಿಶ್ರಾಂತಿಯ ಪದ್ಧತಿಯನ್ನೇ ಇಲ್ಲಿಗೂ ತಂದರು. 1937ರಲ್ಲಿ ಅದು ಸರ್ಕಾರದ ಕೈಗೆ ಬಂತು. ಇಂದು ಅದು ಸರ್ಕಾರಿ ಎದೆರೋಗ ಆಸ್ಪತ್ರೆ. ಪಕ್ಕದ ರೈಲು ನಿಲ್ದಾಣಕ್ಕೆ ಈಗಲೂ ತಾಂಬರಂ ಸ್ಯಾನಟೋರಿಯಂ ಎಂದೇ ಹೆಸರು.

ಅಲ್ಲಿನ ಚಿಕಿತ್ಸೆ ಈಗ ನಡೆಯುವುದು ಸೂಚಕಗಳ ಮೇಲೆ. 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಚ್‌ಐವಿ ಸೋಂಕಿತರಿಗೆ ಉಚಿತ ಎಆರ್‌ಟಿ ಔಷಧ ಕೊಡಲು ಆರಂಭಿಸಿದಾಗ ಮೊದಲ ಕೇಂದ್ರಗಳಲ್ಲಿ ತಾಂಬರಂ ಕೂಡ ಒಂದಾಗಿತ್ತು. ರಕ್ತದಲ್ಲಿನ ಸಿಡಿ4 ಕಣಗಳ ಎಣಿಕೆ ನೋಡಿ ಯಾರಿಗೆ ಔಷಧ ತುರ್ತು ಎಂದು ಆಗ ನಿರ್ಧರಿಸಲಾಗುತ್ತಿತ್ತು. ಈಗ ಸೋಂಕು ಖಚಿತವಾದ ಎಲ್ಲರಿಗೂ ಔಷಧ ಸಿಗುತ್ತದೆ. ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು ವೈರಲ್ ಲೋಡ್ ಪರೀಕ್ಷೆ ಹೇಳುತ್ತದೆ.

ಕ್ಷಯದ ಪತ್ತೆಯೂ ಬದಲಾಗಿದೆ. ಸಿಬಿನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಗುರುತಿಸಿ, ರಿಫಾಂಪಿಸಿನ್ ಔಷಧ ನಾಟುತ್ತದೆಯೇ ಎಂದೂ ತಿಳಿಸುತ್ತದೆ. ಇಂಥದ್ದೇ ಕೆಲಸ ಮಾಡುವ ಪುಟ್ಟ ಯಂತ್ರ ಟ್ರೂನ್ಯಾಟ್‌ನ ಸಂಶೋಧನೆಯಲ್ಲಿ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನ ಪಾಲಿದೆ. ಅಮೀಬಾ ಲಿವರ್‌ಗೆ ಹೋಗಿದೆಯೇ ಎಂದು ತಿಳಿಯಲು ಇಂದು ಅಲ್ಟ್ರಾಸೌಂಡ್ ಮತ್ತು ಒಂದು ರಕ್ತಪರೀಕ್ಷೆ ಬಹುತೇಕ ಸಾಕು. ಮೆಟ್ರೊನಿಡಜೋಲ್ ಎಂಬ ಅಗ್ಗದ ಮಾತ್ರೆಯಿಂದ ಹೆಚ್ಚಿನವರು ಗುಣಮುಖರಾಗುತ್ತಾರೆ.

ರಾಮಾನುಜನ್ ಕೊನೆಯುಸಿರೆಳೆದ ಚೇಟ್‌ಪೇಟ್‌ನಲ್ಲಿಯೇ ಇಂದು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಇದೆ. 1956ರಲ್ಲಿ ಆರಂಭವಾದ ಈ ಸಂಸ್ಥೆ, ಕ್ಷಯರೋಗಿಗಳು ಸ್ಯಾನಟೋರಿಯಂ ಸೇರಬೇಕಿಲ್ಲ, ಮನೆಯಲ್ಲೇ ಇದ್ದು ಔಷಧ ಪಡೆದರೂ ಗುಣವಾಗುತ್ತಾರೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟಿತು. ಎರಡು ವಾರಕ್ಕೂ ಹೆಚ್ಚು ಕೆಮ್ಮು, ಸಂಜೆಯ ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ಯಾರಾದರೂ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕ್ಷಯ ಪರೀಕ್ಷೆ ಮಾಡಿಸಿಕೊಳ್ಳಬಹುದು.